ಕಥೆಯ ಊರು, ವಾಕ್ಯದ ದಾರಿ

ಈ ಸಾಲುಗಳನ್ನು ಒಮ್ಮೆ ಓದಿ ನೋಡಿ.

"ಒಂದೇ ಹದಕ್ಕೆ ಬಂದವನ್ನು ಮಾತ್ರ ಆರಿಸಿಕೊಳ್ಳಬೇಕು. ಕಟ್ಟುವಾಗ ತೀರಾ ಒತ್ತಾಗಬಾರದು, ನಡುವೆ ಗಾಳಿಯಾಡಬೇಕು. ಎಲ್ಲವನ್ನೂ ಮೇಲೇರಿಸಿ ಬಾಗಿಲು ಹಾಕಿದ ಮೇಲೆ ಆತುರ ಸಲ್ಲದು. ಮೊದಲ ದಿನ ಸ್ವಲ್ಪವೇ ಸಾಕು; ಬಣ್ಣ ತಿರುಗಿದ್ದನ್ನು ನೋಡಿಕೊಂಡು ಹೆಚ್ಚಿಸುತ್ತಾ ಹೋಗಬೇಕು. ರಾತ್ರಿ ಒಬ್ಬರಾದರೂ ಎಚ್ಚರವಿರಲೇಬೇಕು. ಎಡವಟ್ಟಾದರೆ ವರ್ಷದ ದುಡಿಮೆಯೇ ಹೋದಂತೆ."

ಪದಗಳೆಲ್ಲ ಪರಿಚಿತ. ವಾಕ್ಯಗಳು ಚಿಕ್ಕವು, ವ್ಯಾಕರಣದಲ್ಲಿ ತೊಡಕಿಲ್ಲ. ಆದರೂ ಬೀದರಿನ ಓದುಗರಿಗೋ ಬೆಂಗಳೂರಿನ ಓದುಗರಿಗೋ ಇದು ಯಾವುದರ ಮಾತು ಎಂದು ಸುಲಭಕ್ಕೆ ಹೊಳೆಯುವುದಿಲ್ಲ. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದ ಕಡೆ ಬೆಳೆದ ಮಗುವಿಗೆ ಓದಿ ಹೇಳಿ. ಬಾಗಿಲು ಹಾಕುವ ಹೊತ್ತಿಗೆಲ್ಲ "ತಂಬಾಕಿನ ಬ್ಯಾರನ್" ಎಂದುಬಿಡಬಹುದು. ಸೊಪ್ಪು ಮುರಿದು ತರುವುದು, ಕಡ್ಡಿಗೆ ಕಟ್ಟುವುದು, ಸೊಪ್ಪನ್ನು ಬಿಸಿಯಲ್ಲಿ ಹದಮಾಡುವ ಕಟ್ಟಡವಾದ ಬ್ಯಾರನ್ನಿನ ಒಲೆಗೆ ಸೌದೆ ಒಡ್ಡುತ್ತಾ ನಿದ್ದೆಗೆಡುವುದು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯ ಎಷ್ಟೋ ಮನೆಗಳಲ್ಲಿ ಮಳೆಗಾಲದ ದಿನಚರಿ.

ಇದೇ ಮಗು ಇಂಗ್ಲಿಷ್ ತರಗತಿಯಲ್ಲಿ "ಈ ಕಥೆ ಎಲ್ಲಿ, ಯಾವಾಗ ನಡೆಯಿತು?" ಎಂಬ ಪ್ರಶ್ನೆಗೆ ತಡವರಿಸುತ್ತದೆ. "ನಿಮ್ಮೂರಿನ ಬಗ್ಗೆ ಐದು ವಾಕ್ಯ ಬರೆಯಿರಿ" ಎಂದರೆ ಸುಮ್ಮನೆ ಕೂರುತ್ತದೆ. ಮೊದಲನೆಯದು ಪಾಠ ಅರ್ಥವಾಗದ ತೊಂದರೆ, ಎರಡನೆಯದು ವ್ಯಾಕರಣ ಬಾರದ ತೊಂದರೆ ಎಂದು ನಾವು ಎರಡನ್ನೂ ಬೇರೆಬೇರೆ ಖಾನೆಗೆ ಹಾಕುತ್ತೇವೆ. ಕಳೆದ ಅರ್ಧ ಶತಮಾನದ ಮನೋವಿಜ್ಞಾನ ಮತ್ತು ಭಾಷಾವಿಜ್ಞಾನದ ಅಧ್ಯಯನಗಳನ್ನು ಜೊತೆಗಿಟ್ಟು ನೋಡಿದರೆ, ಇವೆರಡಕ್ಕೂ ಬೇರು ಬಹುಮಟ್ಟಿಗೆ ಒಂದೇ ಎಂಬುದು ಕಾಣುತ್ತದೆ. ಕಥೆಯ ದೇಶಕಾಲ ಮನಸ್ಸಿನಲ್ಲಿ ಕೂತರೆ ಓದು ಸಲೀಸಾಗುತ್ತದೆ. ಆ ದೇಶಕಾಲವನ್ನು ಹೇಳುವ ಕ್ರಮ ಕೈಗೆ ಸಿಕ್ಕರೆ ವಾಕ್ಯವೂ ಸರಿಹೋಗುತ್ತದೆ.

ಮೊದಲು ಜಾಗ, ಆಮೇಲೆ ಅರ್ಥ

ಮೇಲಿನ ಸಾಲುಗಳಂಥದ್ದೇ ಒಂದು ಒಗಟನ್ನು ಅಮೆರಿಕದ ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಸಿಯಾ ಜಾನ್ಸನ್ 1972ರಲ್ಲಿ ಪ್ರಯೋಗವಾಗಿ ಮಾಡಿದರು. ಬಟ್ಟೆ ಒಗೆಯುವ ಕೆಲಸವನ್ನು, ಬಟ್ಟೆ ಎಂಬ ಮಾತೇ ಬಾರದಂತೆ ವಿವರಿಸಿ ಜನರಿಗೆ ಕೇಳಿಸಿದರು. ಒಂದು ಗುಂಪಿಗೆ ವಿಷಯ ಏನೆಂದು ಮೊದಲೇ ಹೇಳಿದ್ದರು, ಇನ್ನೊಂದು ಗುಂಪಿಗೆ ಕೇಳಿದ ಮೇಲೆ ಹೇಳಿದರು, ಮೂರನೆಯದಕ್ಕೆ ಹೇಳಲೇ ಇಲ್ಲ. ಒಟ್ಟು 18 ಅಂಶಗಳಲ್ಲಿ ಮೊದಲ ಗುಂಪು ಸರಾಸರಿ 5.8 ಅಂಶ ನೆನಪಿಟ್ಟುಕೊಂಡಿತು. ಉಳಿದೆರಡು ಗುಂಪುಗಳು ಮೂರನ್ನೂ ಮುಟ್ಟಲಿಲ್ಲ. ಗಮನಿಸಬೇಕಾದದ್ದು ಎರಡನೆಯ ಗುಂಪನ್ನು. ವಿಷಯ ತಡವಾಗಿ ತಿಳಿದದ್ದರಿಂದ ಅವರಿಗೆ ಏನೂ ಲಾಭವಾಗಲಿಲ್ಲ. ಓದುವಾಗಲೇ ಮನಸ್ಸಿಗೆ ಒಂದು ನೆಲೆ ಬೇಕು. ಆಮೇಲೆ ಕೊಟ್ಟರೆ ಅಷ್ಟರಲ್ಲಿ ವಾಕ್ಯಗಳು ಜಾರಿಹೋಗಿರುತ್ತವೆ.

ನಮ್ಮ ತರಗತಿಗಳಲ್ಲಿ ನಡೆಯುವುದು ಸಾಮಾನ್ಯವಾಗಿ ಎರಡನೆಯ ಗುಂಪಿನ ಕಥೆಯೇ. ಪಾಠ ಓದಿ, ಪದಗಳ ಅರ್ಥ ಬರೆಸಿ, ಕೊನೆಯಲ್ಲಿ ಅಭ್ಯಾಸದ ಭಾಗಕ್ಕೆ ಬಂದಾಗ "ಕಥೆ ನಡೆದದ್ದು ಎಲ್ಲಿ?" ಎಂದು ಕೇಳುತ್ತೇವೆ. ಮೊದಲು ಕೊಡಬೇಕಿದ್ದ ಕೀಲಿಕೈಯನ್ನು ಕೊನೆಯಲ್ಲಿ ಪ್ರಶ್ನೆಯಾಗಿ ಮುಂದಿಡುತ್ತೇವೆ.

ಓದುವ ಮನಸ್ಸು ಏನನ್ನು ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ಅದೇ 1972ರ ಮತ್ತೊಂದು ಪ್ರಯೋಗ ಉತ್ತರ ಕೊಡುತ್ತದೆ. ತೇಲುವ ಮರದ ದಿಮ್ಮಿಯ ಮೇಲೆ ಮೂರು ಆಮೆಗಳು ಕೂತಿದ್ದವು, ಅವುಗಳ ಕೆಳಗೆ ಒಂದು ಮೀನು ಈಜಿತು ಎಂಬ ವಾಕ್ಯವನ್ನು ಕೇಳಿದವರಿಗೆ, ಸ್ವಲ್ಪ ಹೊತ್ತಿನ ನಂತರ "ಮೀನು ದಿಮ್ಮಿಯ ಕೆಳಗೆ ಈಜಿತು" ಎಂಬ ವಾಕ್ಯ ಕೊಟ್ಟರೆ, ತಾವು ಕೇಳಿದ್ದು ಇದನ್ನೇ ಎಂದು ಅನೇಕರಿಗೆ ಅನ್ನಿಸಿತು. ಆಮೆಗಳು ದಿಮ್ಮಿಯ ಪಕ್ಕದಲ್ಲಿದ್ದವು ಎಂದು ಕೇಳಿದವರು ಹಾಗೆ ಮೋಸಹೋಗಲಿಲ್ಲ. ಮೊದಲ ಸಂದರ್ಭದಲ್ಲಿ ಎರಡೂ ವಾಕ್ಯಗಳಿಂದ ಮೂಡುವ ಚಿತ್ರ ಒಂದೇ, ಎರಡನೆಯದರಲ್ಲಿ ಬೇರೆ. ಅಂದರೆ ನೆನಪಿನಲ್ಲಿ ಉಳಿದದ್ದು ಪದಗಳ ಸಾಲಿಗಿಂತ ಹೆಚ್ಚಾಗಿ ಆ ಪದಗಳು ಕಟ್ಟಿಕೊಟ್ಟ ದೃಶ್ಯ. ಆ ದೃಶ್ಯವನ್ನು ಬದಲಿಸಿದ್ದು ಒಂದೇ ಒಂದು ಪುಟ್ಟ ಪದ: ಇಂಗ್ಲಿಷಿನಲ್ಲಿ "ಆನ್", ಅದರ ಜಾಗದಲ್ಲಿ "ಬಿಸೈಡ್".

ಹೀಗೆ ಓದುವಾಗ ಒಳಗೆ ರೂಪುಗೊಳ್ಳುವ ದೃಶ್ಯಕ್ಕೆ ವಿಜ್ಞಾನಿಗಳು ಸನ್ನಿವೇಶ ಮಾದರಿ ಎನ್ನುತ್ತಾರೆ. ಟಿಯನ್ ವಾನ್ ಡೈಕ್ ಮತ್ತು ವಾಲ್ಟರ್ ಕಿಂಚ್ 1983ರಲ್ಲಿ ಈ ಕಲ್ಪನೆಯನ್ನು ವಿಸ್ತಾರವಾಗಿ ಮಂಡಿಸಿದರು. ರಾಲ್ಫ್ ಜ್ವಾನ್ ಮತ್ತು ಸಂಗಡಿಗರು 1995ರಲ್ಲಿ ಅದಕ್ಕೆ ಇನ್ನಷ್ಟು ಖಚಿತ ರೂಪ ಕೊಟ್ಟರು. ಕಥೆ ಓದುವವರು ಐದು ವಿಷಯಗಳ ಮೇಲೆ ಒಟ್ಟಿಗೆ ಕಣ್ಣಿಟ್ಟಿರುತ್ತಾರೆ: ಕಾಲ, ಸ್ಥಳ, ಪಾತ್ರ, ಕಾರಣ, ಉದ್ದೇಶ. ಹೊಸ ವಾಕ್ಯ ಬಂದಾಗಲೆಲ್ಲ ಈ ಐದರಲ್ಲಿ ಯಾವುದು ಬದಲಾಯಿತು ಎಂದು ಮನಸ್ಸು ಲೆಕ್ಕ ನೋಡಿಕೊಳ್ಳುತ್ತದೆ. ಐದರಲ್ಲಿ ಮೊದಲೆರಡು ದೇಶಕಾಲವೇ. ಅವು ಮಸುಕಾಗಿದ್ದರೆ ಪಾತ್ರ ಏಕೆ ಓಡಿತು, ಏಕೆ ಹೆದರಿತು ಎಂಬುದೂ ಮಸುಕಾಗುತ್ತದೆ.

ಯಾರ ಊರಿನ ಕಥೆ?

ದೃಶ್ಯವನ್ನು ಕಟ್ಟಿಕೊಳ್ಳಲು ಬೇಕಾದ ಸಾಮಗ್ರಿಯೆಲ್ಲ ಪಠ್ಯದಲ್ಲೇ ಇರುವುದಿಲ್ಲ. ಅರ್ಧಕ್ಕರ್ಧ ಓದುಗರ ಬದುಕಿನಿಂದ ಬರಬೇಕು. ಮಾರ್ಗರೆಟ್ ಸ್ಟೆಫೆನ್ಸನ್, ಚಿತ್ರಾ ಜೋಗ್‌ದೇವ್ ಮತ್ತು ರಿಚರ್ಡ್ ಆಂಡರ್ಸನ್ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತೀಯರಿಗೂ ಅಮೆರಿಕನ್ನರಿಗೂ ಎರಡೆರಡು ಪತ್ರ ಓದಲು ಕೊಟ್ಟಿದ್ದರು. ಒಂದು ಭಾರತದ ಮದುವೆಯದ್ದು, ಇನ್ನೊಂದು ಅಮೆರಿಕದ ಮದುವೆಯದ್ದು, ಎರಡೂ ಇಂಗ್ಲಿಷಿನಲ್ಲೇ. ಇಬ್ಬರೂ ತಮ್ಮ ಕಡೆಯ ಮದುವೆಯ ಪತ್ರವನ್ನು ಬೇಗ ಓದಿದರು, ಹೆಚ್ಚು ನೆನಪಿಟ್ಟುಕೊಂಡರು. ಅಮೆರಿಕದ ವಧು ತನ್ನ ಅಜ್ಜಿಯ ಮದುವೆಯ ಉಡುಪು ತೊಟ್ಟದ್ದನ್ನು ಅಲ್ಲಿಯವರು ಮನೆತನದ ಹೆಮ್ಮೆಯಾಗಿ ಕಂಡರೆ, ಭಾರತೀಯ ಓದುಗರೊಬ್ಬರಿಗೆ ಅದು ಹಳೆಯದಾಗಿ ಚಂದಗೆಟ್ಟ ಬಟ್ಟೆಯಾಗಿ ಕಂಡಿತ್ತು. ಅವರಿಗೆ ಭಾಷೆ ಬರುತ್ತಿತ್ತು. ಬಾರದಿದ್ದುದು ಆ ಮದುವೆಮನೆ.

ಇದರಿಂದ ಕೊಪ್ಪದ ಮಗುವಿಗೆ ಕೊಪ್ಪದ ಕಥೆಯನ್ನೇ ಓದಿಸಬೇಕು ಎಂಬ ತೀರ್ಮಾನಕ್ಕೆ ಜಿಗಿಯಬೇಕಾಗಿಲ್ಲ. ಹಿಮ ಬೀಳುವ ಊರಿನ ಕಥೆಯನ್ನೂ ಅದು ಓದಲೇಬೇಕು. ಓದು ಇರುವುದೇ ಕಾಣದ ಊರಿಗೆ ಹೋಗಿಬರಲು. ಆದರೆ ಆ ಪ್ರಯಾಣಕ್ಕೆ ಹೊರಡುವ ಜಾಗ ತನ್ನ ಊರಾಗಿದ್ದರೆ ಅನುಕೂಲ. ಮೈಸೂರಿನಲ್ಲಿ ನೆಲೆಸಿದ್ದ ಆರ್.ಕೆ. ನಾರಾಯಣ್ 1935ರ "ಸ್ವಾಮಿ ಅಂಡ್ ಫ್ರೆಂಡ್ಸ್" ಕಾದಂಬರಿಯಲ್ಲಿ ಮಾಲ್ಗುಡಿಯನ್ನು ಸೃಷ್ಟಿಸಿದಾಗ ಅದು ಯಾವ ನಕ್ಷೆಯಲ್ಲೂ ಇರಲಿಲ್ಲ. ನದಿ, ಶಾಲೆ, ರೈಲ್ವೆ ನಿಲ್ದಾಣ, ಬೀದಿಗಳನ್ನು ಒಂದೊಂದಾಗಿ ಜೋಡಿಸುತ್ತಾ ಅವರು ಓದುಗರ ಮನಸ್ಸಿನಲ್ಲಿ ಊರು ಕಟ್ಟಿದರು. ಮುಂದೆ ಶಂಕರ್ ನಾಗ್ ಅದನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದಾಗ ನೋಡುಗರು ಇದೇ ಮಾಲ್ಗುಡಿ ಎಂದು ಒಪ್ಪಿಕೊಂಡರು. ನಮ್ಮ ಸೀಮೆಯ ದೇಶಕಾಲ ಇಂಗ್ಲಿಷಿನೊಳಗೆ ಕೂರಲಾರದು ಎಂಬ ಅಳುಕಿಗೆ ಇಷ್ಟು ಉತ್ತರ ಸಾಕು.

ಕೊಪ್ಪವಂತೂ ಕಥೆಗೆ ಹೇಳಿಮಾಡಿಸಿದ ಊರು. ಮೈಸೂರು–ಮಡಿಕೇರಿ ಹೆದ್ದಾರಿ ಇಲ್ಲಿ ಕಾವೇರಿಯನ್ನು ದಾಟುತ್ತದೆ. ಸೇತುವೆಯ ಆಚೆ ಕುಶಾಲನಗರ, ಕೊಡಗು ಜಿಲ್ಲೆ. ಈಚೆ ಸಮೀಪದಲ್ಲೇ ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ಟಿಬೆಟ್‌ನಿಂದ ಬಂದವರು ಅಲ್ಲಿ ನೆಲೆ ಕಂಡುಕೊಂಡರು; 1963ರಲ್ಲಿ ಪೆನೋರ್ ರಿಂಪೋಚೆಯವರು ನಾಮ್‌ಡ್ರೋಲಿಂಗ್ ಮಠವನ್ನು ಸ್ಥಾಪಿಸಿದರು. ಹೊಳೆ, ಸೇತುವೆ, ಗಡಿ, ಬ್ಯಾರನ್, ಶುಂಠಿ ಹೊಲ, ಕೆಂಪು ನಿಲುವಂಗಿಯ ಭಿಕ್ಷುಗಳು: ಇಷ್ಟು ಸಾಮಗ್ರಿ ಶಾಲೆಯ ಸುತ್ತಲೇ ಬಿದ್ದಿದೆ.

ಮೊದಲು ಜಿಲ್ಲೆಯೋ, ಮೊದಲು ಮನೆಯೋ?

ಇನ್ನು ವಾಕ್ಯಕ್ಕೆ ಬರೋಣ. ಮಗುವಿನ ಮನಸ್ಸಿನಲ್ಲಿ ಜಾಗ ಸ್ಪಷ್ಟವಿದ್ದರೂ ಅದನ್ನು ಇಂಗ್ಲಿಷಿನಲ್ಲಿ ಹೇಳಹೊರಟಾಗ ಎಡವುವುದು ಏಕೆ?

ಕನ್ನಡದಲ್ಲಿ ನಾವು "ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದ ಹೊಳೆದಂಡೆಯ ಬ್ಯಾರನ್" ಎನ್ನುತ್ತೇವೆ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತೇವೆ. ಕೇಳುವವರು ಮೊದಲು ಜಿಲ್ಲೆಯಲ್ಲಿ ನಿಂತು, ತಾಲ್ಲೂಕಿಗೆ ಬಂದು, ಊರು ಹೊಕ್ಕು, ಹೊಳೆ ಕಂಡು, ಕಡೆಗೆ ಬ್ಯಾರನ್ನಿನ ಮುಂದೆ ನಿಲ್ಲುತ್ತಾರೆ. ಇಂಗ್ಲಿಷ್ ಮೊದಲ ಹೆಜ್ಜೆಯಲ್ಲೇ ಬ್ಯಾರನ್ನನ್ನು ತೋರಿಸುತ್ತದೆ: "ದಿ ಬಾರ್ನ್ ಆನ್ ದಿ ರಿವರ್‌ಬ್ಯಾಂಕ್ ಇನ್ ಕೊಪ್ಪ". ಆಮೇಲೆ ತಾಲ್ಲೂಕು, ಕಡೆಗೆ ಜಿಲ್ಲೆ. ಒಂದರ ಕೊನೆ ಇನ್ನೊಂದರ ಮೊದಲು.

ಇದು ಬಿಡಿ ಉದಾಹರಣೆಯಲ್ಲ, ಭಾಷೆಯ ಕಟ್ಟಡದ ಗುಣ. ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಜಗತ್ತಿನ 30 ಭಾಷೆಗಳನ್ನು ಹೋಲಿಸಿ ನೋಡಿದರು. ಆ ಪಟ್ಟಿಯಲ್ಲಿ ಕನ್ನಡವೂ ಇತ್ತು. ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುವ ಭಾಷೆಗಳಲ್ಲಿ "ಮೇಲೆ", "ಒಳಗೆ", "ಪಕ್ಕದಲ್ಲಿ" ಎಂಬಂಥ ಸಂಬಂಧಸೂಚಕಗಳು ಸಾಮಾನ್ಯವಾಗಿ ನಾಮಪದದ ನಂತರ ಬರುತ್ತವೆ ಎಂದು ಅವರು ತೋರಿಸಿಕೊಟ್ಟರು. ಕ್ರಿಯಾಪದವನ್ನು ಕರ್ತೃವಿನ ಹಿಂದೆಯೇ ತರುವ ಇಂಗ್ಲಿಷ್ ಈ ವಿಷಯದಲ್ಲೂ ತಿರುಗುಮುರುಗು. ನಮಗೆ "ಮರದ ಕೆಳಗೆ". ಅವರಿಗೆ "ಅಂಡರ್ ದಿ ಟ್ರೀ". ನಾವು "ನಿನ್ನೆ ಸಂತೆಯಲ್ಲಿ ಕುರಿ ಮಾರಿದ ಅಜ್ಜ" ಎಂದು ವಿವರಗಳನ್ನೆಲ್ಲ ಅಜ್ಜನ ಮುಂದೆ ಪೇರಿಸುತ್ತೇವೆ; ಅವರು ಅಜ್ಜನನ್ನು ಮೊದಲು ನಿಲ್ಲಿಸಿ ವಿವರಗಳನ್ನು ಹಿಂದಿನಿಂದ ಹಚ್ಚುತ್ತಾರೆ.

ಕೊಪ್ಪದ ಮಟ್ಟಿಗೆ ಇಲ್ಲೊಂದು ಸ್ವಾರಸ್ಯವಿದೆ. ಈ ಸೀಮೆಯಲ್ಲಿ ಕನ್ನಡದ ಜೊತೆಗೆ ಟಿಬೆಟನ್ ಇದೆ, ಉರ್ದು ಇದೆ, ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರ ನುಡಿಯಿದೆ. ಟಿಬೆಟನ್ನಿಗೂ ಕನ್ನಡಕ್ಕೂ ಕುಲದ ನಂಟಿಲ್ಲ. ಉರ್ದು ಇನ್ನೊಂದೇ ವಂಶದ್ದು. ಆದರೂ ಇವೆಲ್ಲವೂ ಕ್ರಿಯಾಪದವನ್ನು ಕೊನೆಗೆ ಇಡುತ್ತವೆ, ಸಂಬಂಧಸೂಚಕವನ್ನು ನಾಮಪದದ ಹಿಂದೆ ಹಚ್ಚುತ್ತವೆ. ಹಾಗಾಗಿ ಬೈಲಕುಪ್ಪೆಯ ಮಗುವಿಗೂ ಕೊಪ್ಪದ ಮಗುವಿಗೂ ಇಂಗ್ಲಿಷ್ ಒಡ್ಡುವ ಕಷ್ಟ ಒಂದೇ ಬಗೆಯದು. ಮನೆಮಾತು ಯಾವುದಾದರೂ ಇರಲಿ, ಈ ತರಗತಿಗಳ ಶಿಕ್ಷಕರು ಒಂದೇ ಪಾಠದಿಂದ ಎಲ್ಲರನ್ನೂ ಮುಟ್ಟಬಹುದು.

ಉಳಿದ ತೊಡಕುಗಳೂ ಇಷ್ಟೇ ಕ್ರಮಬದ್ಧ. "ನಮ್ಮ ಊರು ಕೊಪ್ಪ" ಎಂಬುದು ಕನ್ನಡದಲ್ಲಿ ಪೂರ್ಣ ವಾಕ್ಯ, ಕ್ರಿಯಾಪದವೇ ಬೇಡ. ಅದನ್ನೇ ಅನುಸರಿಸಿ ಮಗು "ಮೈ ವಿಲೇಜ್ ಕೊಪ್ಪ" ಎಂದು ಬರೆದು "ಈಸ್" ಬಿಡುತ್ತದೆ. "ಬಂದಳು" ಎಂದರೆ ಬಂದವಳು ಹೆಣ್ಣು, ಒಬ್ಬಳೇ ಎಂದು ಕ್ರಿಯಾಪದವೇ ಹೇಳಿಬಿಡುವುದರಿಂದ ಕರ್ತೃವನ್ನು ಬಿಟ್ಟರೂ ನಡೆಯುತ್ತದೆ. ಇಂಗ್ಲಿಷಿನ "ಕೇಮ್" ಏನನ್ನೂ ಹೇಳದು, ಅದಕ್ಕೆ "ಶೀ" ಬೇಕೇಬೇಕು. "ಮಳೆ ಬರುತ್ತಿದೆ" ಎನ್ನಲು ನಮಗೆ ಮಳೆಯೇ ಕರ್ತೃ. ಇಂಗ್ಲಿಷ್ ಕೇಳುವುದು ಯಾವ ವಸ್ತುವನ್ನೂ ಸೂಚಿಸದ "ಇಟ್" ಒಂದನ್ನು. ಇವನ್ನು ಬೇಜವಾಬ್ದಾರಿಯ ತಪ್ಪುಗಳು ಎನ್ನಲಾಗದು. ಕಲಿಯುವವರ ತಪ್ಪುಗಳು ಅವರ ಒಳಗೆ ನಡೆಯುತ್ತಿರುವ ಲೆಕ್ಕಾಚಾರದ ಗುರುತು ಎಂದು ಪಿಟ್ ಕಾರ್ಡರ್ 1967ರಲ್ಲೇ ವಾದಿಸಿದ್ದರು. ಎರಡು ಭಾಷೆಗಳ ನಡುವೆ ಕಲಿಕೆಗಾರ ಕಟ್ಟಿಕೊಳ್ಳುವ ಈ ಹಾದಿಯ ವ್ಯವಸ್ಥೆಯನ್ನು ಲ್ಯಾರಿ ಸೆಲಿಂಕರ್ 1972ರಲ್ಲಿ ವಿವರಿಸಿದರು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರೆ ತಪ್ಪು ಕಾಣುತ್ತದೆ, ಕಾರಣ ಕಾಣುವುದಿಲ್ಲ.

ಒಡೆಯುವುದು, ಕೂಡಿಸುವುದು

ಉದ್ದ ವಾಕ್ಯದ ಸಮಸ್ಯೆಯನ್ನು ಬೇರೆಯಾಗಿಯೇ ನೋಡಬೇಕು. "ಬೆಳಿಗ್ಗೆ ಎದ್ದು, ಡೇರಿಗೆ ಹಾಲು ಹಾಕಿ ಬಂದು, ತಿಂಡಿ ತಿಂದು, ಬ್ಯಾಗು ಹಾಕಿಕೊಂಡು ಶಾಲೆಗೆ ಹೋದೆ" ಎಂಬುದು ಕನ್ನಡದಲ್ಲಿ ಹದವಾದ ವಾಕ್ಯ. ಎದ್ದು, ಬಂದು, ತಿಂದು ಎಂಬ ಕೃದಂತಗಳು ಕೆಲಸಗಳನ್ನು ಸರಾಗವಾಗಿ ಪೋಣಿಸುತ್ತವೆ. ಕಾಲವನ್ನೂ ಕರ್ತೃವನ್ನೂ ಕೊನೆಯ "ಹೋದೆ" ಒಂದೇ ಹೊರುತ್ತದೆ. ಇಂಗ್ಲಿಷಿಗೆ ಇದೇ ಸರಪಳಿಯನ್ನು ತಂದರೆ "ಆಂಡ್" ಮೇಲೆ "ಆಂಡ್" ಬಂದು ವಾಕ್ಯ ಎಲ್ಲಿ ನಿಲ್ಲಬೇಕೆಂದು ತಿಳಿಯದಾಗುತ್ತದೆ. ಮೊದಲು ಒಡೆದು, ಒಂದು ಕೆಲಸಕ್ಕೆ ಒಂದು ವಾಕ್ಯದಂತೆ ಬರೆಸಿ, ಆಮೇಲೆ ಕೂಡಿಸುವುದನ್ನು ಕಲಿಸಬೇಕು.

ಕೂಡಿಸುವ ಈ ಅಭ್ಯಾಸಕ್ಕೆ ಪುರಾವೆ ಇದೆ. ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ 4ರಿಂದ 12ನೇ ತರಗತಿಯ ಮಕ್ಕಳ ಬರವಣಿಗೆಯ ಬಗ್ಗೆ ನಡೆದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಚಿಕ್ಕ ವಾಕ್ಯಗಳನ್ನು ಕೂಡಿಸಿ ದೊಡ್ಡದು ಮಾಡುವ ಅಭ್ಯಾಸದ ಪರಿಣಾಮದ ಅಳತೆ 0.50 ಬಂತು; ಶಿಕ್ಷಣ ಸಂಶೋಧನೆಯಲ್ಲಿ ಇದು ಮಧ್ಯಮ ಮಟ್ಟದ, ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಲಾಭ. ವ್ಯಾಕರಣದ ವ್ಯಾಖ್ಯೆಗಳನ್ನು ಪ್ರತ್ಯೇಕವಾಗಿ ಕಲಿಸಿದ್ದರ ಅಳತೆ ಸೊನ್ನೆಗಿಂತ ಕೆಳಗಿತ್ತು. ಆ ಅಧ್ಯಯನಗಳ ಮಕ್ಕಳು ಇಂಗ್ಲಿಷನ್ನು ದಿನವೂ ಕೇಳುವ ಸಮಾಜದವರು ಎಂಬುದನ್ನು ಮರೆಯಬಾರದು. ನಮ್ಮ ಮಕ್ಕಳಿಗೆ ವಾಕ್ಯರಚನೆಯ ನೇರ ವಿವರಣೆ ಸ್ವಲ್ಪ ಹೆಚ್ಚೇ ಬೇಕಾದೀತು. ಆದರೂ ದಿಕ್ಕು ಸ್ಪಷ್ಟ: ನಿಯಮವನ್ನು ಬಾಯಿಪಾಠ ಮಾಡುವ ಹೊತ್ತಿಗಿಂತ ವಾಕ್ಯವನ್ನು ಕಟ್ಟಿ ಕೆಡವಿ ಮತ್ತೆ ಕಟ್ಟುವ ಹೊತ್ತು ಹೆಚ್ಚಿರಬೇಕು.

ಕೊಪ್ಪದಲ್ಲಿ ಇದನ್ನು ಹೀಗೆ ಮಾಡಬಹುದು. "ದೇರ್ ಈಸ್ ಎ ಬ್ರಿಜ್." "ಇಟ್ ಈಸ್ ನಿಯರ್ ಕೊಪ್ಪ." "ಇಟ್ ಕ್ರಾಸಸ್ ದಿ ಕಾವೇರಿ." ಮೂರನ್ನೂ ಕೂಡಿಸಿದರೆ "ದಿ ಬ್ರಿಜ್ ನಿಯರ್ ಕೊಪ್ಪ ಕ್ರಾಸಸ್ ದಿ ಕಾವೇರಿ." ಮೊದಲು ಸೇತುವೆ, ಅದರ ಹಿಂದೆ ಜಾಗ, ಆಮೇಲೆ ಕ್ರಿಯೆ, ಕಡೆಗೆ ಹೊಳೆ. ಮಗುವಿಗೆ ಸೇತುವೆ ಕಣ್ಣಾರೆ ಗೊತ್ತಿರುವುದರಿಂದ ಮನಸ್ಸಿನ ಶ್ರಮವೆಲ್ಲ ಪದಗಳ ಕ್ರಮಕ್ಕೆ ಸಲ್ಲುತ್ತದೆ. ಅರಿಯದ ಜಾಗ ಮತ್ತು ಅರಿಯದ ಕ್ರಮ ಎರಡನ್ನೂ ಒಟ್ಟಿಗೆ ಹೊರಿಸಿದರೆ ಎರಡೂ ಜಾರುತ್ತವೆ.

ಇದಕ್ಕೆ ಕರ್ನಾಟಕದಲ್ಲೇ ಪೂರ್ವಪರಂಪರೆಯಿದೆ. ಎನ್.ಎಸ್. ಪ್ರಭು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸ್ ಮೊದಲಾದ ಕಡೆಯ ಶಾಲೆಗಳಲ್ಲಿ ನಡೆಸಿದ ಯೋಜನೆ ಜಗತ್ತಿನ ಇಂಗ್ಲಿಷ್ ಬೋಧನೆಯ ಚರಿತ್ರೆಯಲ್ಲಿ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾಗಿದೆ. ವ್ಯಾಕರಣವನ್ನು ಪಾಠವಾಗಿ ಮಾಡದೆ, ನಕ್ಷೆ ನೋಡಿ ದಾರಿ ಹುಡುಕುವ, ರೈಲಿನ ವೇಳಾಪಟ್ಟಿ ನೋಡಿ ಪ್ರಯಾಣ ಗೊತ್ತುಮಾಡುವ ಕೆಲಸಗಳನ್ನು ಮಕ್ಕಳಿಗೆ ಇಂಗ್ಲಿಷಿನಲ್ಲಿ ಕೊಟ್ಟರು. ಕೆಲಸದಲ್ಲಿ ಮುಳುಗಿದಾಗ ರಚನೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಬೆರೆಟ್ಟಾ ಮತ್ತು ಡೇವಿಸ್ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನ ಯೋಜನೆಯ ಪರವಾಗಿ ಕೆಲವು, ಸಾಂಪ್ರದಾಯಿಕ ತರಗತಿಯ ಪರವಾಗಿ ಕೆಲವು ಫಲಿತಾಂಶ ಕಂಡಿತು. ಪೂರ್ತಿ ಗೆಲುವಲ್ಲ, ಆದರೆ ಜಾಗ ಮತ್ತು ಕಾಲದ ನಿಜವಾದ ಲೆಕ್ಕಗಳು ಭಾಷೆ ಕಲಿಸಬಲ್ಲವು ಎಂಬುದಕ್ಕೆ ಒಂದಿಷ್ಟು ಬೆಂಬಲ ಸಿಕ್ಕಿತು.

ಇನ್ನೂ ಹತ್ತಿರದ ಉದಾಹರಣೆ ನೆರೆಯ ಎಚ್.ಡಿ. ಕೋಟೆಯದು. ಋಷಿವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ ನಲಿಕಲಿ ಶುರುವಾದದ್ದು 1995ರಲ್ಲಿ ಆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ. ಕಲಿಕೆಯನ್ನು ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಏರುವಂತೆ ಮಾಡಿದ ಆ ಕ್ರಮ 2009-10ರಲ್ಲಿ ರಾಜ್ಯವ್ಯಾಪಿಯಾಯಿತು. ಕನ್ನಡದ ಮೊದಲ ಓದಿಗೆ ಈ ಸೀಮೆ ಕಂಡುಕೊಂಡ ಜಾಣ್ಮೆಯನ್ನು ಇಂಗ್ಲಿಷ್ ವಾಕ್ಯಕ್ಕೂ ಹೊಂದಿಸಿಕೊಳ್ಳಬಹುದು.

ಓದುವವರು ಯಾರು?

ವ್ಯಾಕರಣ ಸರಿಯಿದ್ದ ಮಾತ್ರಕ್ಕೆ ವಾಕ್ಯ ಸ್ಪಷ್ಟವಾಗುವುದಿಲ್ಲ ಎಂಬುದನ್ನೂ ಹೇಳಬೇಕು. "ಕೊಪ್ಪದಲ್ಲಿ ಮಳೆ ಹಿಡಿಯಿತು" ಎಂಬ ವಾಕ್ಯದಲ್ಲಿ ದೋಷವಿಲ್ಲ. ಆದರೆ ಚಿಕ್ಕಮಗಳೂರು ಜಿಲ್ಲೆಯಲ್ಲೊಂದು ಕೊಪ್ಪ, ಮದ್ದೂರು ತಾಲ್ಲೂಕಿನಲ್ಲೊಂದು ಕೊಪ್ಪ ಇವೆ. ಮಲೆನಾಡಿನ ಓದುಗರು ಅಡಿಕೆ ತೋಟದ ಜಡಿಮಳೆಯನ್ನು ಕಾಣುತ್ತಾರೆ; ಪಿರಿಯಾಪಟ್ಟಣದವರಿಗೆ ತಂಬಾಕಿನ ಸಸಿ ನಾಟಿ ಮಾಡುವ ಹೊತ್ತು ಕಾಣುತ್ತದೆ. ಬರೆಯುವ ಮಗುವಿನ ತಲೆಯಲ್ಲಿ ತನ್ನೂರು ತುಂಬಿಕೊಂಡಿರುವುದರಿಂದ ಅದನ್ನು ಹೇಳಬೇಕೆಂದೇ ಅದಕ್ಕೆ ತೋಚುವುದಿಲ್ಲ. "ಇದನ್ನು ವಿಜಯಪುರದ ಕಡೆಯ ಮಗುವೊಂದು ಓದುತ್ತದೆ, ಅದು ಹೊಳೆಯನ್ನೂ ಬ್ಯಾರನ್ನನ್ನೂ ಕಂಡಿಲ್ಲ" ಎಂದು ಹೇಳಿ ಬರೆಸಿದರೆ ಯಾವ ವಿವರ ಬೇಕು, ಯಾವುದು ಬೇಡ ಎಂಬುದು ತಾನಾಗಿ ತೀರ್ಮಾನವಾಗುತ್ತದೆ. ಕಥೆಯ ದೇಶಕಾಲ ಎಂದರೇನು ಎಂಬುದನ್ನು ಮಗು ಓದುಗನಾಗಿ ಅರ್ಧ ಕಲಿತರೆ, ಹೀಗೆ ಬರೆದು ಉಳಿದರ್ಧ ಕಲಿಯುತ್ತದೆ.

ಇಷ್ಟಾದರೂ ಪದಸಂಪತ್ತು ಬೇಕು, ಕೇಳುವ ಕಿವಿ ಬೇಕು, ಗ್ರಂಥಾಲಯ ಬೇಕು. ದೇಶಕಾಲ ಒಂದರಿಂದಲೇ ಇಂಗ್ಲಿಷ್ ಬಂದುಬಿಡುವುದಿಲ್ಲ. ಆದರೆ ಉಳಿದವುಗಳಿಗೆ ಹಣ, ತರಬೇತಿ, ವರ್ಷಗಳು ಹಿಡಿಯುತ್ತವೆ. ಇದಕ್ಕೆ ಬೇಕಾದದ್ದು ಪಾಠದ ಕ್ರಮದಲ್ಲಿ ಒಂದು ಸಣ್ಣ ಬದಲಾವಣೆ ಮಾತ್ರ. ಶಿಕ್ಷಕರಲ್ಲಿ ವಿನಂತಿ ಇಷ್ಟೇ: ಮುಂದಿನ ಇಂಗ್ಲಿಷ್ ಕಥೆ ತೆರೆಯುವ ಮೊದಲು ಐದು ನಿಮಿಷ ತೆಗೆದಿಡಿ. ಕಥೆಯ ಜಾಗ ಯಾವುದು, ಹೊತ್ತು ಯಾವುದು ಎಂದು ಕನ್ನಡದಲ್ಲೇ ಮಾತಾಡಿ, ಕಪ್ಪುಹಲಗೆಯ ಮೇಲೆ ಅದರ ಚಿತ್ರ ಬರೆಯಿಸಿ. ಚಿತ್ರದಲ್ಲಿರುವ ಒಂದೊಂದು ವಸ್ತುವಿಗೆ ಒಂದೊಂದು ಚಿಕ್ಕ ಇಂಗ್ಲಿಷ್ ವಾಕ್ಯ ಕಟ್ಟಿಸಿ, ಎರಡೆರಡನ್ನು ಕೂಡಿಸಿ. ಪಾಠವನ್ನು ಆಮೇಲೆ ಓದಿ.